ಓನರಮ್ಮನ ಬಾಟ್ಲು

ಪೀಣ್ಯದ ಪಕ್ಕದ ದಾಸರಹಳ್ಳಿಯಲ್ಲಿ ನರ್ಸ್ ಆಗಿರುವವಳಿಗೆ ಟೀವಿಯ ಕಾಮಿಡಿ ಶೋ ಬೇಕಾಗುವುದಿಲ್ಲ. ಪೇಷೆಂಟಿಗೆ ಡ್ರಿಪ್ ಹಾಕಿ, ಬಾಟ್ಲು ನೇತುಹಾಕಿ, ಬೆನ್ನು ತಿರುಗಿಸಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ನಮ್ಮದು ಸಣ್ಣ ನರ್ಸಿಂಗ್ ಹೋಂ. ಕೆಳಗೆ ಮೆಡಿಕಲ್ ಸ್ಟೋರ್, ನಡುವೆ ನಾವು, ಮೇಲೆ ಫ್ಯಾಕ್ಟರಿಗೆ ಹೋಗುವವರ ಬಾಡಿಗೆ ಮನೆಗಳು, ಎಲ್ಲರ ತಲೆಯ ಮೇಲೆ ನೀರಿನ ಟ್ಯಾಂಕು. ಆ ಟ್ಯಾಂಕನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಟ್ಲು ಹಾಕದ ಡಾಕ್ಟರು

ನಮ್ಮ ಕಡೆ ಬಾಟ್ಲು ಹಾಕದಿದ್ದರೆ ಅದು ಟ್ರೀಟ್‌ಮೆಂಟೇ ಅಲ್ಲ. ಮಾತ್ರೆ ಬರೆದುಕೊಟ್ಟರೆ ಡಾಕ್ಟರಿಗೆ ಏನೂ ಗೊತ್ತಿಲ್ಲ ಅನ್ನುತ್ತಾರೆ. ಗಾರ್ಮೆಂಟ್ಸ್ ಫ್ಯಾಕ್ಟರಿಯ ಒಬ್ಬ ನೆಗಡಿ ಅಂತ ಬಂದ. ಡಾಕ್ಟರು ನೋಡಿ, ಬಿಸಿ ಗಂಜಿ ಕುಡಿದು ಮಲಗು ಎಂದರು. ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಬಾಟ್ಲು ಹಾಕಿಸಿಕೊಳ್ಳದೆ ಹೋಗುವುದು ಹೇಗೆ ಎಂಬುದು ಅವನ ಪ್ರಶ್ನೆ. ಬಾಯಲ್ಲಿ ಕುಡಿಯಲಾಗುವವರಿಗೆ ಸುಮ್ಮನೆ ಚರ್ಮಕ್ಕೆ ತೂತು ಮಾಡಬಾರದು, ಆ ತೂತಿನಲ್ಲಿ ಕ್ರಿಮಿಯೂ ಒಳಗೆ ಹೋಗುತ್ತದೆ ಎಂದು ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಅವನು ತಲೆಯಾಡಿಸಿ ಹೊರಗೆ ಬಂದವನು ನನ್ನ ಹತ್ತಿರ ಪಿಸುಗುಟ್ಟಿದ.

"ಅಕ್ಕ, ಬಾಟ್ಲು ಬೇಡ ಬಿಡಿ. ಕೈಗೆ ಆ ಬಿಳೀ ಪ್ಲಾಸ್ಟರ್ ಆದ್ರೂ ಅಂಟಿಸ್ಕೊಡಿ. ಸೂಪರ್‌ವೈಸರ್ ನಂಬಬೇಕಲ್ಲ."

ನಾನು ಬೈದು ಕಳಿಸಿದೆ. ಮರುದಿನ ಕೆಳಗಿನ ಮೆಡಿಕಲ್ ಸ್ಟೋರಿನ ಮುಂದೆ ಸಿಕ್ಕಿದ. ಪ್ಲಾಸ್ಟರನ್ನು ತಾನೇ ಕೊಂಡು ಎರಡೂ ಕೈಗೆ ಅಂಟಿಸಿಕೊಂಡಿದ್ದ.

ಏರ್ ಹಿಡಿದ ಪೈಪು

ಪೀಣ್ಯದಲ್ಲಿ ಡೀಸೆಲ್ ಜನರೇಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರು ವಿಪರೀತ ಜ್ವರ ಅಂತ ಸೇರಿದ್ದರು. ಪೈಪಿನಲ್ಲಿದ್ದ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಸೂಜಿ ಹಾಕಿ, ಹನಿ ಸರಿಮಾಡಿ, ನಾನು ಪಕ್ಕದ ವಾರ್ಡಿಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಹಾಸಿಗೆ, ಲುಂಗಿ, ನೆಲ ಎಲ್ಲ ಒದ್ದೆ, ಅಲ್ಲಲ್ಲಿ ರಕ್ತ. ಅವರು ಕೈ ಹತ್ತಿರದ ಜಾಯಿಂಟು ಬಿಚ್ಚಿ ಹಿಡಿದುಕೊಂಡು, ತುಂಬಾ ಗಂಭೀರವಾಗಿ ಪೈಪನ್ನೇ ನೋಡುತ್ತಾ ಕೂತಿದ್ದರು. ಏನು ಮಾಡ್ತಿದ್ದೀರಿ ಎಂದು ಕೂಗಿಕೊಂಡೆ.

ಪೈಪಿನಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ ಕಂಡಿತಂತೆ. ಡೀಸೆಲ್ ಲೈನಿನಲ್ಲಿ ಏರ್ ಹಿಡಿದರೆ ಇಂಜಿನ್ ಮಿಸ್ ಹೊಡೆಯುತ್ತದೆ, ಜಾಯಿಂಟು ಲೂಸ್ ಮಾಡಿ ಏರ್ ತೆಗೆಯಬೇಕು. ಅವರು ದಿನಾ ಮಾಡುವುದೇ ಅದು. ನಾನು ಎಲ್ಲವನ್ನೂ ತೆಗೆದು, ಹೊಸ ಪೈಪು ಹಾಕಿ, ಇನ್ನು ಮುಟ್ಟಿದರೆ ಕೈ ಕಟ್ಟಿಹಾಕುತ್ತೇನೆ ಎಂದು ಹೆದರಿಸಿದೆ. ಮನೆಗೆ ಹೋಗುವ ದಿನ ಅವರು ಡಾಕ್ಟರ ಮುಂದೆ ಹೊಟ್ಟೆ ಸವರಿಕೊಂಡು ಕೇಳಿದರು:

"ಸಾರ್, ಇಂಜಿನ್ ಸ್ಮೂತಾಗಿದೆ. ಇವತ್ತು ಬಿರಿಯಾನಿ ಲೋಡ್ ಕೊಡಬಹುದಾ?"

ಪಾಯಿಂಟ್ ನೋಡಿ ಕೊರೆಯಿರಿ

ಇನ್ನು ಹೇಳುವುದೆಲ್ಲ ನಮ್ಮ ಕಟ್ಟಡದ ಓನರಮ್ಮನ ಕಥೆ. ದಾಸರಹಳ್ಳಿ ನಿಜಕ್ಕೂ ಹಳ್ಳಿಯಾಗಿದ್ದಾಗ ಇದೇ ಜಾಗದಲ್ಲಿ ರಾಗಿ ಬೆಳೆದವರು. ಈಗ ಅದೇ ಜಾಗದಲ್ಲಿ ಬಾಡಿಗೆ ಮನೆಗಳು ಬೆಳೆದಿವೆ. ಟೆರೇಸಿನ ಮೇಲೆ ಒಂದೊಂದು ಮನೆಗೂ ಒಂದೊಂದು ವಾಲ್ವ್, ನಮ್ಮ ಆಸ್ಪತ್ರೆಗೂ ಒಂದು. ಯಾವುದನ್ನು ಯಾವಾಗ ಎಷ್ಟು ತಿರುಗಿಸಬೇಕು ಎಂಬುದು ಓನರಮ್ಮನ ಕೈಯಲ್ಲಿ. ಬೇರೆ ಯಾರಾದರೂ ಮುಟ್ಟಿದರೆ ಅವತ್ತು ಆ ಮನೆಗೆ ನೀರಿಲ್ಲ. ನಮ್ಮ ಡಾಕ್ಟರೇ ಎಷ್ಟೋ ಸಲ ಸ್ಟೆಥಾಸ್ಕೋಪ್ ನೇತಾಡಿಸಿಕೊಂಡು ಟೆರೇಸಿಗೆ ಹೋಗಿ, ಸ್ವಲ್ಪ ಜಾಸ್ತಿ ಬಿಡಿ ತಾಯಿ ಎಂದು ಕೈಮುಗಿದಿದ್ದಾರೆ.

ಅಂಥ ಓನರಮ್ಮನನ್ನು ಒಂದು ಬೆಳಿಗ್ಗೆ ಮಗ, ಸೊಸೆ ಇಬ್ಬರೂ ಹಿಡಿದುಕೊಂಡು ಬಂದರು. ವಾಂತಿ, ಭೇದಿ. ನಾಲಗೆ ಒಣಗಿಹೋಗಿತ್ತು, ಕುಡಿಸಿದ್ದು ಒಂದು ಗುಟುಕೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನಾಡಿದ್ದು ಮೊಮ್ಮಗಳ ನಿಶ್ಚಿತಾರ್ಥ. ಬೀದಿಬೀದಿಗೆ ಹೋಗಿ ಕುಂಕುಮ ಕೊಟ್ಟು ಕರೆದವರು ಅವರೇ. ಬಾಟ್ಲು ಹಾಕಲೇಬೇಕಿತ್ತು, ಆದರೆ ಅವರ ಹೃದಯ ಮೊದಲಿನಿಂದ ವೀಕು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹನಿ ನಿಧಾನವಾಗಿ ಇಳಿಯಬೇಕು, ಜೋರಾಗಿ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಉಸಿರಾಟಕ್ಕೇ ಕಷ್ಟ, ಆಮೇಲೆ ನಿಶ್ಚಿತಾರ್ಥದ ಮಾತು ಮರೆತು ಐಸಿಯು ಇರುವ ಆಸ್ಪತ್ರೆ ಹುಡುಕಬೇಕಾಗುತ್ತದೆ ಎಂದರು. ನನಗೆ ನಿಜವಾಗಿ ಭಯವಾಯಿತು. ದಿನಾ ಬೈಯುತ್ತಾರೆ, ಆದರೆ ಅವರ ಮನೆಯಲ್ಲಿ ಅವರೆಕಾಳು ಸಾರು ಮಾಡಿದ ದಿನ ಒಂದು ಪಾತ್ರೆ ನಮಗೂ ಬರುತ್ತದೆ.

ಒಣಗಿದ ಕೈಯಲ್ಲಿ ನರವೇ ಸಿಗಲಿಲ್ಲ. ಬಿಸಿ ಬಟ್ಟೆ ಸುತ್ತಿ, ಕೈ ಇಳಿಬಿಡಿಸಿ, ಬೆರಳಲ್ಲಿ ತಡವಿ ತಡವಿ ನೋಡುತ್ತಿದ್ದೆ. ಓನರಮ್ಮ ಕಣ್ಣು ಮುಚ್ಚಿಕೊಂಡೇ, ಬೋರ್‌ವೆಲ್ ಕೊರೆಯುವವರಿಗೆ ಹೇಳುವಂತೆ, "ಕಂಡಕಂಡಲ್ಲಿ ಕೊರೀಬ್ಯಾಡ ಕಣಮ್ಮ. ಮೊದ್ಲು ಪಾಯಿಂಟ್ ನೋಡು," ಎಂದರು. ದೇವರ ದಯೆ, ಮೊದಲ ಚುಚ್ಚಿಗೇ ಸಿಕ್ಕಿತು. ಸೂಜಿಯ ಹಿಂದೆ ರಕ್ತ ಕಾಣಿಸಿದ್ದೇ ನಾನು ಉಸಿರು ಬಿಟ್ಟೆ. ಅವರು ಒಂದು ಕಣ್ಣು ತೆರೆದರು.

"ನೀರು ಬಿತ್ತಾ?"

ಓನರ್ ಸ್ಪೀಡು

ಹನಿ ಹನಿ ಎಣಿಸಿ ಸರಿಮಾಡಿ ಹೋದೆ. ಸ್ವಲ್ಪ ಹೊತ್ತಿಗೆ ಬಂದು ನೋಡಿದರೆ ಹನಿ ಹೋಗಿ ಧಾರೆಯಾಗಿತ್ತು. ಪೈಪಿನ ಮೇಲಿರುವ ಪುಟ್ಟ ಚಕ್ರವನ್ನು ಯಾರೋ ತಿರುಗಿಸಿದ್ದರು. ಕಮ್ಮಿ ಮಾಡಿ, ಅಮ್ಮನ ಎದೆ ತಡೆಯುವುದಿಲ್ಲ, ಯಾರೂ ಮುಟ್ಟಬೇಡಿ ಎಂದೆ. ಮತ್ತೆ ಬಂದಾಗ ಮತ್ತೆ ಧಾರೆ. ಈ ಸಲ ಸೊಸೆ, ಮೊದಲ ಸಲ ಮಗ. ನಾನು ಚಕ್ರದ ಸುತ್ತ ಪ್ಲಾಸ್ಟರ್ ಅಂಟಿಸಿದೆ. ನೋಡಲು ಬಂದ ನೆಂಟರು ಅದನ್ನು ಕಿತ್ತು ತಿರುಗಿಸಿದರು. ಬಂದವರೆಲ್ಲ ಎಳನೀರು ಕೊಟ್ಟು, ಹಣೆ ಮುಟ್ಟಿ, ಹೋಗುವಾಗ ಕೈತೂರಿಸಿ ಚಕ್ರ ಒಂದು ಸುತ್ತು ತಿರುಗಿಸಿಯೇ ಹೋಗುತ್ತಿದ್ದರು. ದೇವಸ್ಥಾನಕ್ಕೆ ಹೋದವರು ಗಂಟೆ ಹೊಡೆಯುವುದಿಲ್ಲವೇ, ಹಾಗೆ.

ನಾನು ಮಗನನ್ನು ತಡೆದು ನಿಲ್ಲಿಸಿ, ಅಮ್ಮನ ಎದೆ ತಡೆಯುವುದಿಲ್ಲ ಅಂತ ಹೇಳಿದ್ದು ಕೇಳಿಸಲಿಲ್ಲವಾ ಎಂದು ದಬಾಯಿಸಿದೆ. ಅವರಿಗೂ ಬೇಜಾರಾಯಿತು.

"ಪಕ್ಕದ ಬೆಡ್ಡಲ್ಲಿ ನಮ್ಮ ಮೂರನೇ ಮನೆ ಬಾಡಿಗೆಯವ್ರು ಇದಾರೆ ಸಿಸ್ಟರ್. ಅವ್ರದು ಆಗ್ಲೇ ಮುಗೀತು. ಬಾಡಿಗೆಯವ್ರಿಗಿಂತ ಓನರ್‌ಗೆ ಸ್ಪೀಡ್ ಕಮ್ಮಿ ಅಂದ್ರೆ ಹೆಂಗ್ ಕಣ್ರೀ?"

ಟ್ಯಾಂಕು ತುಂಬಿತು

ಮಧ್ಯಾಹ್ನ ಓನರಮ್ಮನಿಗೆ ಜೋಂಪು ಹತ್ತಿತು. ಮಗ ಸೊಸೆ ಊಟಕ್ಕೆ ಹೋದರು. ನಾನು ಇಂಜೆಕ್ಷನ್ ತರಲು ಹೋಗಿ ಬಂದು ನೋಡಿದರೆ ಬೆಡ್ ಖಾಲಿ. ಸ್ಟ್ಯಾಂಡ್ ಇದೆ, ಬಾಟ್ಲು ಇಲ್ಲ, ಪೇಷೆಂಟ್ ಇಲ್ಲ. ಕಿಟಕಿಯಾಚೆ ದಬದಬ ನೀರು ಬೀಳುವ ಸದ್ದು. ಮೇಲೆ ಟ್ಯಾಂಕು ತುಂಬಿ ಹರಿಯುತ್ತಿತ್ತು. ನನಗೆ ಅಷ್ಟರಲ್ಲೇ ಎಲ್ಲ ಅರ್ಥವಾಗಿ, ಮೆಟ್ಟಿಲ ಕಡೆ ಓಡಿದೆ.

ಮೋಟಾರಿನ ಸ್ವಿಚ್ಚು ಮೆಟ್ಟಿಲ ಕೆಳಗಿದೆ. ಓನರಮ್ಮ ಅಲ್ಲಿ ನಿಂತಿದ್ದರು. ಸ್ವಿಚ್ಚು ಆಫ್ ಮಾಡಿ ಆಗಿತ್ತು. ಬಾಟ್ಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೋಟಾರು ಹಾಕಿ ಮರೆತವರ ವಂಶವನ್ನೆಲ್ಲ ಬೈಯುತ್ತಿದ್ದರು. ಬಾಟ್ಲು ಕೆಳಗಾದ್ದರಿಂದ ಪೈಪಿನಲ್ಲಿ ರಕ್ತ ಮೇಲೇರಿ ಕೆಂಪಾಗಿತ್ತು. ನಾನು ಕಿತ್ತುಕೊಂಡು ತಲೆಗಿಂತ ಮೇಲೆ ಎತ್ತಿ ಹಿಡಿದೆ. ಅವರಿಗೆ ತುಸು ಮೇಲುಸಿರು ಬರುತ್ತಿತ್ತು, ಆದರೂ ಪೈಪು ತೋರಿಸಿದರು.

"ನೋಡಿದ್ಯಾ? ಮೋಟ್ರು ನಿಂತ ಮ್ಯಾಕೆ ನಂದೂ ವಾಪಸ್ ಎಳ್ಕೊಂತಾ ಐತೆ."

ವಾಲ್ವಿನ ಯಜಮಾನಿ

ಅವರನ್ನು ಮಲಗಿಸಿ, ಉಸಿರು ಹದಕ್ಕೆ ಬರುವವರೆಗೂ ಪಕ್ಕದಲ್ಲೇ ಕೂತೆ. ನನಗೆ ಸಿಟ್ಟು, ಅಳು ಎರಡೂ ಬಂದಿದ್ದವು. ಬೈದರೆ ಆ ಮನೆಯವರು ಯಾರೂ ಕೇಳುವುದಿಲ್ಲ ಎಂದು ಗೊತ್ತಾಗಿತ್ತು. ಆಗ ಒಂದು ಉಪಾಯ ಹೊಳೆಯಿತು.

"ಅಮ್ಮ, ನಾಡಿದ್ದು ಮೊಮ್ಮಗಳ ಪಕ್ಕ ಕೂರ್ಬೇಕು ತಾನೆ? ಹಂಗಾದ್ರೆ ಕೇಳಿ. ನಿಮ್ಮೆದೆ ಹಳೇ ಪೈಪು. ಜೋರಾಗಿ ಬಿಟ್ರೆ ತಡ್ಕೊಳ್ಳಲ್ಲ, ನಿಧಾನಕ್ಕೆ ಬಿಟ್ರೇ ಮೈಗೆ ಹತ್ತೋದು. ಇಗೋ ನೋಡಿ, ಇದು ವಾಲ್ವ್. ನಾನು ಸೆಟ್ ಮಾಡಿದೀನಿ. ಕಾಯೋದು ನಿಮ್ಮ ಕೆಲಸ."

ವಾಲ್ವ್ ಎಂಬ ಮಾತು ಕೇಳಿದ್ದೇ ಓನರಮ್ಮ ಎದ್ದು ದಿಂಬಿಗೆ ಒರಗಿ ಕೂತರು. ಅದುವರೆಗೂ ಲೆಕ್ಕಕ್ಕೇ ಇಲ್ಲದ ಆ ಪುಟ್ಟ ಚಕ್ರವನ್ನು ಚೆನ್ನಾಗಿ ನೋಡಿದರು. ನಾನು ಮತ್ತೆ ಪ್ಲಾಸ್ಟರ್ ಅಂಟಿಸಿದೆ. ಅಲ್ಲಿಂದಾಚೆ ನನಗೆ ಬೇರೆ ಕಾವಲು ಬೇಕಾಗಲಿಲ್ಲ. ಊಟ ಮುಗಿಸಿ ಬಂದ ಮಗ ಅಭ್ಯಾಸಬಲದಿಂದ ಕೈ ಚಾಚಿದರು, ಪಟ್ಟೆಂದು ಏಟು ಬಿತ್ತು. ಸೊಸೆ ದೂರದಿಂದಲೇ ಮಾತಾಡಿಸಿದರು. ನೆಂಟರು ಎಳನೀರು ಕೊಟ್ಟು ಕೈಕಟ್ಟಿ ನಿಂತು ಹೋದರು. ಸಂಜೆ ರೌಂಡ್ಸಿಗೆ ಬಂದ ಡಾಕ್ಟರು ಹನಿ ಸರಿಯಿದೆಯೇ ಎಂದು ಪೈಪಿಗೆ ಕೈ ಹಾಕಿದರು. ಓನರಮ್ಮ ಅವರನ್ನೂ ಬಿಡಲಿಲ್ಲ.

"ಡಾಕ್ಟ್ರೇ, ಕೈ ತೆಗೀರಿ. ನಿಮ್ಗೆ ನೀರು ಬುಡೋಳು ನಾನು. ನೀವು ಬಂದು ನಂದು ತಿರುಗುಸ್ತೀರಾ?"

ಡಾಕ್ಟರು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೋದರು. ಬಾಟ್ಲು ತನ್ನ ಪಾಡಿಗೆ ತಾನು ಇಳಿಯಿತು. ಮರುದಿನಕ್ಕೆ ವಾಂತಿ ನಿಂತು ಗಂಜಿ ಒಳಗೆ ಹೋಯಿತು, ಅದರ ಮರುದಿನ ಓನರಮ್ಮ ರೇಷ್ಮೆ ಸೀರೆ ಉಟ್ಟು ಮೊಮ್ಮಗಳ ಪಕ್ಕದಲ್ಲಿ ಕೂತಿದ್ದರು. ನಾನೂ ಹೋಗಿದ್ದೆ. ಅವರು ನಗುತ್ತಾ ತಾಂಬೂಲ ಕೊಡುವುದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ಬಡಿಸುವವರು ಎರಡನೇ ಸಲ ಒಬ್ಬಟ್ಟು ಹಾಕಿದಾಗ ನಾನು ಬೇಡ ಅನ್ನಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಯ ಯಾವ ನಲ್ಲಿ ತಿರುಗಿಸಿದರೂ ನೀರು ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಡಾಕ್ಟರು ಎರಡೂ ಕೈಗೆ ಸೋಪು ಹಚ್ಚಿಕೊಂಡು ನಲ್ಲಿಯ ಮುಂದೆ ನಿಂತು, ಹೋಗಿ ಕೇಳಿಕೊಂಡು ಬಾ ಸಿಸ್ಟರ್ ಎಂದರು. ಟೆರೇಸಿಗೆ ಓಡಿದೆ. ಓನರಮ್ಮ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ವಾಲ್ವುಗಳ ಪಕ್ಕದಲ್ಲೇ ಕೂತಿದ್ದರು. ನಮ್ಮ ವಾಲ್ವಿನ ಸುತ್ತ ನಮ್ಮದೇ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ನೀಟಾಗಿ ಅಂಟಿತ್ತು. ಅಮ್ಮ, ಕೆಳಗೆ ಹನಿ ಹನಿ ಬರ್ತಿದೆ, ಸ್ವಲ್ಪ ಜಾಸ್ತಿ ಬಿಡಿ ಎಂದು ಕೈಮುಗಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕನಿಕರದಿಂದ ಹೇಳಿದರು:

"ಅಂಗೆಲ್ಲ ಆತುರ ಪಡಬಾರ್ದು ಕಣಮ್ಮ. ನಿಮ್ಮಾಸ್ಪತ್ರೆ ಪೈಪು ನನ್ನೆದೆಗಿಂತ ಹಳೇದು. ಜೋರಾಗಿ ಬುಟ್ರೆ ತಡ್ಕೊಳ್ಳಲ್ಲ, ನಿಧಾನಕ್ಕೆ ಬುಟ್ರೇ ಮೈಗೆ ಹತ್ತೋದು. ನಾನು ಸೆಟ್ ಮಾಡಿವ್ನಿ, ಯಾರೂ ಮುಟ್ಟಬ್ಯಾಡಿ."