ಬೀಗರೂ ಶ್ರೇಯಾಂಕವೂ

ಮನುಷ್ಯ ಎಂಥ ಹುದ್ದೆಯನ್ನಾದರೂ ಒಪ್ಪಿಕೊಳ್ಳಲಿ, ಇವರು ಮೇಲೆ, ಅವರು ಕೆಳಗೆ ಎಂದು ಬರೆದು ಗೋಡೆಗೆ ಅಂಟಿಸುವ ಹುದ್ದೆಯನ್ನು ಮಾತ್ರ ಒಪ್ಪಿಕೊಳ್ಳಬಾರದು. ನಾನು ಒಪ್ಪಿಕೊಂಡೆ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು, ಸಂಜೆ ರ‍್ಯಾಕೆಟ್ ಹಿಡಿದು ಓಡಾಡುವವನು, ಮೇಲಾಗಿ ಇಲ್ಲ ಅನ್ನಲು ಬಾರದವನು. ನಮ್ಮ ವಿಭಾಗದ ಟೆನಿಸ್ ಸಂಘಕ್ಕೆ ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕಾಗಿರಲಿಲ್ಲ. ಆಟಗಾರರ ಶ್ರೇಯಾಂಕ ಲೆಕ್ಕ ಹಾಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಅಂದಿನಿಂದ ಕಲಬುರಗಿಯ ಜಗತ್ ಸರ್ಕಲ್ಲಿಗೆ ಕೊತ್ತಂಬರಿ ತರಲು ಹೋದರೂ ಯಾರೋ ಒಬ್ಬರು ಸ್ಕೂಟರ್ ನಿಲ್ಲಿಸಿ, "ಸರ್, ನಾ ಅವನಕಿಂತ ಕೆಳಗ ಹ್ಯಾಂಗ ಬಂದೆ?" ಅಂತ ಕೇಳುತ್ತಾರೆ.

ಲೆಕ್ಕವೇನೂ ಕಠಿಣವಲ್ಲ. ಟೂರ್ನಿಯಲ್ಲಿ ಎಷ್ಟು ಸುತ್ತು ಗೆದ್ದು ಮುಂದೆ ಹೋದಿರೋ ಅಷ್ಟು ಅಂಕ. ದೊಡ್ಡ ಟೂರ್ನಿಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ವರ್ಷದಲ್ಲಿ ಎಷ್ಟೇ ಕಡೆ ಆಡಿರಿ, ಚೆನ್ನಾಗಿ ಆಡಿದ ಕೆಲವನ್ನು ಮಾತ್ರ ಕೂಡಿಸಿ ಉಳಿದದ್ದನ್ನು ಬಿಡುತ್ತೇವೆ. ವರ್ಷ ತುಂಬಿದ ಅಂಕ ತಾನಾಗಿಯೇ ಉದುರಿಹೋಗುತ್ತದೆ. ಇಷ್ಟನ್ನು ಹೆಂಡತಿ ನೀಲಮ್ಮನಿಗೆ ಒಂದು ಮಧ್ಯಾಹ್ನ ವಿವರಿಸಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಂದ್ರ ಛಲೋ ಆದ ರೊಟ್ಟಿ ಅಷ್ಟೇ ಎಣಸ್ತೀರಿ, ಹೊತ್ತಿದ್ದು ಬಿಟ್ಟುಬಿಡ್ತೀರಿ. ಇಷ್ಟು ವರ್ಷ ಈ ಕಾನೂನು ನನಗ ಯಾಕ ಹಚ್ಚಲಿಲ್ರಿ?" ಅಂದಳು. ನಾನು ಹೊತ್ತಿದ ರೊಟ್ಟಿಯನ್ನೇ ತಟ್ಟೆಗೆ ಹಾಕಿಕೊಂಡೆ.

ಇನ್ನೊಂದು ನಿಯಮವಿದೆ. ಎದುರಾಳಿ ಅಂಗಳಕ್ಕೇ ಇಳಿಯದೆ ಬಿಟ್ಟುಕೊಟ್ಟರೆ, ಅಂದರೆ ವಾಕ್‌ಓವರ್ ಕೊಟ್ಟರೆ, ನೀವು ಮುಂದಿನ ಸುತ್ತಿಗೆ ಹೋಗುತ್ತೀರಿ. ಆದರೆ ಆ ಗೆಲುವಿಗೆ ಅಂಕವಿಲ್ಲ. ಈ ನಿಯಮ ಮಾಡಿದವರಿಗೆ ನಮ್ಮ ಕಡೆಯ ಬೀಗತನ ಗೊತ್ತಿರಲಿಕ್ಕಿಲ್ಲ. ಕಮಲಾಪುರದ ಚನ್ನಬಸಪ್ಪನವರು ನನ್ನ ಮಗಳು ಶಿಲ್ಪಾಳ ಮಾವ. ತಮ್ಮ ಕೆಂಪು ಬಾಳೆಯ ತೋಟದ ಮೂಲೆಯಲ್ಲಿ ನೆಲ ಗಟ್ಟಿ ಮಾಡಿಸಿ, ನೆಟ್ ಕಟ್ಟಿ, ಸ್ವಂತ ಕೋರ್ಟ್ ಮಾಡಿಕೊಂಡ ಮನುಷ್ಯ. ಹಿರಿಯರ ವಿಭಾಗದಲ್ಲಿ ನಾವಿಬ್ಬರೂ ಆಡುತ್ತೇವೆ. ಆದರೆ ಹೆಣ್ಣು ಕೊಟ್ಟವನು ಬೀಗರ ಮೇಲೆ ಚೆಂಡು ಹೊಡೆಯುವುದುಂಟೆ? ಅವರು ಎದುರಾದಾಗೆಲ್ಲ ನಾನು, "ನೀವ ಹೋಗ್ರಿ ಬೀಗರ" ಅಂತ ಕೈಮುಗಿದು ವಾಕ್‌ಓವರ್ ಕೊಡುತ್ತಿದ್ದೆ. ಅವರೂ ಒಂದು ಸಲ ನನಗೆ ಹಾಗೇ ಕೊಟ್ಟರು. ಬಾಗಿಲಲ್ಲಿ ನಿಂತು ಮೊದಲು ನೀವು, ಮೊದಲು ನೀವು ಅನ್ನುತ್ತೇವಲ್ಲ, ಹಾಗೆ. ಮರ್ಯಾದೆ ಉಳಿಯಿತು, ಅಂಕ ಹೋಯಿತು.

ಈ ವರ್ಷ ಲೆಕ್ಕ ಹಾಕುವಾಗ ನನ್ನ ಕೈ ನಿಂತಿತು. ಹಿರಿಯರಲ್ಲಿ ಮೊದಲ ಎಂಟು ಮಂದಿ ರಾಜ್ಯ ಟೂರ್ನಿಗೆ ಹೋಗುತ್ತಾರೆ. ಚನ್ನಬಸಪ್ಪನವರು ಒಮ್ಮೆಯೂ ಹೋದವರಲ್ಲ. ಈಗ ಎಂಟನೆಯವರಾಗಿದ್ದರು, ಒಂಬತ್ತನೆಯವನು ನಾನು. ಆದರೆ ಅವರ ಹಳೆಯ ಅಂಕ ಉದುರುವುದರಲ್ಲಿತ್ತು. ಕಲಬುರಗಿಯ ಟೂರ್ನಿಯಲ್ಲಿ ಒಂದು ಪಂದ್ಯ ಆಡಿ ಗೆದ್ದರೆ ಮಾತ್ರ ಜಾಗ ಉಳಿಯುತ್ತಿತ್ತು. ರಾಜ್ಯ ಟೂರ್ನಿ ಮುಗಿದ ಮೇಲೆ, ಬೇಸಿಗೆಯಲ್ಲಿ, ಅವರಿಗೆ ಮೊಣಕಾಲಿನ ಆಪರೇಷನ್ ಆಗುವುದಿತ್ತು. ಆಮೇಲೆ ಆಟದ ಮಾತೇ ಬೇಡ ಅಂತ ಡಾಕ್ಟರ್ ಹೇಳಿದ್ದರು. ಚೀಟಿ ಎತ್ತಿದಾಗ ಮೊದಲ ಸುತ್ತಿನಲ್ಲಿ ಅವರ ಎದುರು ಬಂದವನು ನಾನೇ.

ಶಿಲ್ಪಾ ಫೋನ್ ಮಾಡಿದಳು. "ಅಪ್ಪಾ, ಮಾವಾರು ದಿನಾ ಗ್ವಾಡಿಗಿ ಚೆಂಡ ಹೊಡೀಲಿಕತ್ತಾರ. ಈ ಸಲಾ ಕೈಮುಗಿದು ಬಿಟ್ಟು ಕೊಡಬ್ಯಾಡ್ರಿ, ಅಂಕ ಬರಂಗಿಲ್ಲ. ಆಡಿ ಸೋಲ್ರಿ." ಆಯ್ತವ್ವಾ ಅಂದೆ. ಸೋಲುವುದೇನು ಮಹಾ, ಜೀವನವಿಡೀ ಮಾಡಿಕೊಂಡು ಬಂದದ್ದೇ ಅಂದುಕೊಂಡೆ.

ಪಂದ್ಯದ ದಿನ ಮೊದಲ ಚೆಂಡನ್ನು ಭಕ್ತಿಯಿಂದ ನೆಟ್ಟಿಗೆ ಅರ್ಪಿಸಿದೆ. ಎರಡನೆಯದನ್ನು ಬೇಲಿಯಾಚೆ ಕಳಿಸಿದೆ. ಚನ್ನಬಸಪ್ಪನವರು ನನ್ನನ್ನೇ ನೋಡಿದರು. ಅವರ ಸರದಿ ಬಂದಾಗ ಅವರ ಸರ್ವ್‌ಗಳೂ ಒಂದಾದ ಮೇಲೊಂದು ಗೆರೆಯಾಚೆ ಬಿದ್ದವು. ಹಿರಿಯರಿಬ್ಬರು ಮೈಮುರಿದು ಸೋಲಲು ದುಡಿಯುವುದನ್ನು ಅಂಪೈರ್ ಗಂಭೀರವಾಗಿ ನೋಡುತ್ತ ಕೂತಿದ್ದ. ಬದಿ ಬದಲಿಸುವಾಗ ಬೀಗರು ಗಟ್ಟಿಯಾಗಿ ಕೇಳಿದರು: "ಯಾಕ್ರೀ ಬೀಗರ, ಚಷ್ಮಾ ಮನ್ಯಾಗ ಬಿಟ್ಟು ಬಂದೀರೇನು? ನಿಮ್ಮ ಆಟ ಇಷ್ಟ ಇದ್ರ ಹೇಳ್ರಿ, ನಾ ಮೆಲ್ಲಕ ಹೊಡೀತೀನಿ."

ನೋಡುತ್ತಿದ್ದವರು ನಕ್ಕರು. ನೀಲಮ್ಮ ಎಲ್ಲರಿಗಿಂತ ಜಾಸ್ತಿ ನಕ್ಕಳು. ನನ್ನ ನೆತ್ತಿ ಬಿಸಿಯಾಯಿತು. ಮಗಳು, ಅಂಕ, ಮೊಣಕಾಲು, ಎಲ್ಲ ಮರೆತುಹೋಯಿತು. ಅಲ್ಲ, ಸುಳ್ಳು ಯಾಕೆ ಹೇಳಲಿ, ಮೊಣಕಾಲು ಚೆನ್ನಾಗಿ ನೆನಪಿತ್ತು. ಅವರು ಮುಂದೆ ಓಡಿ ಬರಲಾರರು ಅಂತ ಚೆಂಡನ್ನು ನೆಟ್ಟಿನ ಬುಡದಲ್ಲೇ ಉದುರಿಸತೊಡಗಿದೆ. ಅವರು ಓಡಿ ಬಂದರು. ಕುಂಟುತ್ತ ಬಂದರು, ಹಲ್ಲು ಕಚ್ಚಿ ಬಂದರು, ಪ್ರತಿ ಸಲವೂ ಮುಟ್ಟಿದರು. ನನ್ನಲ್ಲಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಆಡಿದೆ. ಸೋತೆ.

ಊರಿಗೆ ಮಾತ್ರ ಬೇರೆಯೇ ಕಂಡಿತ್ತು. "ಬೀಗರಿಗೆ ಬಿಟ್ಟು ಕೊಟ್ರಿ ನೋಡ್ರಿ, ದೊಡ್ಡ ಮನಸ್ಸು ಸರ್ ನಿಮ್ದು" ಅಂತ ಜಗತ್ ಸರ್ಕಲ್ಲಿನಲ್ಲಿ ಒಬ್ಬರು ಕೈ ಕುಲುಕಿದರು. ನಾನು ತಲೆ ತಗ್ಗಿಸಿ ಮುಗುಳ್ನಕ್ಕೆ. ಹಿತವಾಗಿತ್ತು.

ಭಾನುವಾರ ಚನ್ನಬಸಪ್ಪನವರು ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದರು. ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು. ಕೊಟ್ಟ ಚಹಾ ಮುಟ್ಟಲಿಲ್ಲ. ಮೊಣಕಾಲು ತಿಕ್ಕಿಕೊಳ್ಳುತ್ತ ಕೂತು, "ಖರೇ ಹೇಳ್ರಿ ಬೀಗರ. ನೀವು ಬಿಟ್ಟು ಕೊಟ್ರಿ ಅಂತ ಮಂದಿ ಮಾತಾಡ್ತಾರ. ಹಂಗಿದ್ರ ನಾ ಹೋಗಂಗಿಲ್ಲ. ಕಡೀ ಆಟದಾಗ ನನಗ ಭಿಕ್ಷಾ ಬ್ಯಾಡ" ಅಂದರು.

ಸುಮ್ಮನಿದ್ದರೆ ನನ್ನ ದೊಡ್ಡ ಮನಸ್ಸು ಉಳಿಯುತ್ತಿತ್ತು. ಬಾಗಿಲಲ್ಲಿ ನೀಲಮ್ಮ ನಿಂತಿದ್ದಳು. "ಇಲ್ರೀ ಬೀಗರ," ಅಂದೆ, "ಮೊದಲ ಸ್ವಲ್ಪ ಬಿಟ್ಟೆ, ಖರೇ. ಆಮ್ಯಾಲ ಜೀವಾ ತೇಯ್ದು ಆಡೀನಿ. ನಿಮ್ಮ ಮೊಣಕಾಲ ನೋಡಿ ನೋಡಿ ನೆಟ್ ಹತ್ರಾನೇ ಚೆಂಡ ಹಾಕೀನಿ. ಆದ್ರೂ ಸೋತೀನಿ." ಅವರು ನನ್ನ ಮುಖವನ್ನೇ ನೋಡಿದರು. ಕಣ್ಣು ತುಂಬಿಕೊಂಡವು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, "ನಾಚಿಕಿ ಇಲ್ರೀ ನಿಮಗ" ಅಂತ ಎದ್ದು ನನ್ನನ್ನು ಅಪ್ಪಿಕೊಂಡರು.

ಶ್ರೇಯಾಂಕ ಬರೆದು ಗೋಡೆಗೆ ಅಂಟಿಸಿದೆ. ಎಂಟು ಅವರು, ಒಂಬತ್ತು ನಾನು. ಬೀಗರು ನನ್ನ ಮಾತನ್ನು ಕಮಲಾಪುರದ ತುಂಬ ಹಂಚಿದ್ದಾರೆ. ಅದು ಬಸ್ ಹತ್ತಿ ಕಲಬುರಗಿಗೂ ಬಂದಿದೆ. ಈಗ ಸ್ಕೂಟರ್ ನಿಲ್ಲಿಸಿದವರು, "ಸರ್, ಕುಂಟೋ ಮನಷ್ಯಾನ ಮುಂದ ಜೀವಾ ತೇಯ್ದು ಸೋತ್ರಂತಲ್ಲ?" ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ, ಕೊತ್ತಂಬರಿ ತರುತ್ತೇನೆ.

ನಿನ್ನೆ ಶಿಲ್ಪಾ ಮತ್ತೆ ಫೋನ್ ಮಾಡಿದ್ದಳು. "ಅಪ್ಪಾ, ಬಿಟ್ಟು ಕೊಟ್ಟಿದ್ದೂ ಅಲ್ದ, ಮಾವಾರ ಮನಸ್ಸಿಗಿ ನೋವಾಗಬಾರದಂತ ಖರೇನ ಸೋತೀನಿ ಅಂದ್ರಲ್ಲ. ನಿಮ್ಮಂಥವರು ಯಾರೂ ಇಲ್ಲಪ್ಪಾ" ಅಂದಳು. ದನಿಯಲ್ಲಿ ಅಳುವಿತ್ತು. ಆಕೆಯೊಬ್ಬಳ ಪಟ್ಟಿಯಲ್ಲಿ ನಾನಿನ್ನೂ ಮೊದಲನೆಯವನು. ಲೆಕ್ಕ ತಪ್ಪಿದೆ ಅಂತ ನನಗೆ ಗೊತ್ತು. ತಿದ್ದಲು ಬಾಯಿ ತೆರೆದೆ. ಊಟ ಆಯ್ತೇನವ್ವಾ ಅಂತ ಕೇಳಿ ಫೋನ್ ಇಟ್ಟೆ.