ಒಂದೇ ಸಲ ಕೇಳುವ ಭಾಷೆ

ನಮ್ಮ ಕಡೆ ಎಷ್ಟೇ ಹಸಿದಿದ್ದರೂ ಮೊದಲ ಸಲ ಕೇಳಿದಾಗ ಬೇಡ ಎನ್ನಬೇಕು. ಅದು ಮರ್ಯಾದೆ. ಕೇಳಿದವರು ಬಿಡದೆ ಒತ್ತಾಯ ಮಾಡಬೇಕು, ಅದು ಅವರ ಮರ್ಯಾದೆ. ಸಿದ್ದಾಪುರದ ಮದುವೆಯೂಟದಲ್ಲಿ ನಾನು ಎಲೆಗೆ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತಲೇ ಹೋಳಿಗೆ ಬೀಳುವಷ್ಟು ಜಾಗ ಬಿಟ್ಟಿರುತ್ತೇನೆ. ಬಡಿಸುವವರಿಗೂ ಅದು ಗೊತ್ತು. ಇಂಥ ನಾನು ಶಿರಸಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುತ್ತೇನೆ ಎಂಬುದೇ ತಮಾಷೆ.

ಅಲ್ಲಿ ನನಗೆ ಬಲು ಪ್ರಿಯವಾದ ಪಾಠವೆಂದರೆ ಸಹಾಯ ಬೇಕೇ ಎಂದು ಕೇಳುವುದು. ‘ಎನಿಥಿಂಗ್ ಎಲ್ಸ್?’, ‘ಲೆಟ್ ಮಿ ನೋ ಇಫ್ ಯು ನೀಡ್ ಎನಿಥಿಂಗ್.’ ಆಹಾ, ಎಷ್ಟು ಹಗುರವಾದ ಮಾತು! ಕೇಳಿದ ಪುಣ್ಯವೂ ಬರುತ್ತದೆ, ಎದ್ದು ಹೋಗುವ ಕೆಲಸವೂ ಇಲ್ಲ. ಪಕ್ಕದ ಮನೆಯ ರಫೀಕ್ ಟೆಂಪೋ ಓಡಿಸುತ್ತಾನೆ, ಪ್ರವಾಸಿಗರ ಜೊತೆ ಮಾತಾಡಲಿಕ್ಕೆಂದು ಕ್ಲಾಸಿಗೆ ಬರುತ್ತಾನೆ. ಅವನು ನಮ್ಮೂರ ಅಭ್ಯಾಸದಂತೆ ಇದನ್ನೇ ಮತ್ತೆ ಮತ್ತೆ ಕೇಳಿದಾಗ ನಾನು ಗದರಿಸಿದ್ದೆ. ಒಮ್ಮೆ ಕೇಳಬೇಕು, ನೋ ಅಂದರೆ ಬಿಡಬೇಕು, ಬೆನ್ನು ಬೀಳಬಾರದು.

ಕಳೆದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಬಲಗೈಗೆ ಪ್ಲಾಸ್ಟರ್ ಬಂತು. ಒಂದು ದಿನ ಹೆಂಡತಿ ಕುಕ್ಕರಿನಲ್ಲಿ ಅನ್ನ ಮಾಡಿಟ್ಟು ಯಲ್ಲಾಪುರದ ತಂಗಿಯ ಮನೆಗೆ ಹೋದಳು. ಮಧ್ಯಾಹ್ನ ಹಸಿದು ಅಡುಗೆಮನೆಗೆ ಹೋದರೆ, ಮುಚ್ಚಳ ತೆಗೆಯಲು ಎರಡು ಕೈ ಬೇಕು! ಎಡಗೈಯಲ್ಲಿ ತಿರುಗಿಸಿದರೆ ಇಡೀ ಕುಕ್ಕರೇ ತಿರುಗುತ್ತದೆ. ನೆಲಕ್ಕೆ ಕೂತು ಮೊಣಕಾಲ ನಡುವೆ ಸಿಕ್ಕಿಸಿಕೊಂಡೂ ನೋಡಿದೆ. ಯಾರೂ ನೋಡಲಿಲ್ಲ ಎಂಬುದೊಂದೇ ಸಮಾಧಾನ.

ಅಷ್ಟರಲ್ಲಿ ರಫೀಕ್ ಬಾಗಿಲಿಗೆ ಬಂದು, ‘ಲೆಟ್ ಮಿ ನೋ ಇಫ್ ಯು ನೀಡ್ ಎನಿಥಿಂಗ್, ಸರ್’ ಎಂದು ಒಂದಿಷ್ಟೂ ತಪ್ಪಿಲ್ಲದೆ ಹೇಳಿದ. ಹೊಟ್ಟೆ ಹೂಂ ಎಂದಿತು. ಬಾಯಿ ಮಾತ್ರ ಅಭ್ಯಾಸಬಲದಿಂದ, “ಛೇ, ಎಂತ ಬ್ಯಾಡ ಮಾರಾಯ” ಎಂದುಬಿಟ್ಟಿತು. ಇನ್ನೊಮ್ಮೆ ಕೇಳುತ್ತಾನೆಂದು ಕಾದೆ. ಅವನು ಓಕೆ ಸರ್ ಎಂದು ಹೊರಟೇಹೋದ.

ಊಟವಾಯಿತೇ ಎಂದು ಕೇಳಲು ಹೆಂಡತಿ ಫೋನ್ ಮಾಡಿದಾಗ ಎಲ್ಲ ಹೇಳಿಕೊಂಡೆ. “ಬಾಯಿ ಬಿಟ್ಟು ಹೇಳಲೆ ಎಂತ ಆಗಿತ್ತು?” ಎಂದವಳೇ ರಫೀಕನಿಗೆ ಫೋನ್ ಹಚ್ಚಿದಳು. ಅವನು ಬಂದು ಕ್ಷಣದಲ್ಲಿ ಮುಚ್ಚಳ ತೆಗೆದ.

“ಒಂದ್ ಸಲ ಬೇಡ ಅಂದ್ರೆ ಮತ್ತೆ ಕೇಳಬಾರ್ದು ಅಂತ ನೀವೇ ಬೈದಿದ್ರಲ್ಲ ಸರ್” ಎಂದ, ತಾನೇ ತಪ್ಪು ಮಾಡಿದವನಂತೆ. ನನಗೆ ನಾಚಿಕೆಯಾಯಿತು.

ಹೊಸಿಲು ದಾಟುವಾಗ ತಿರುಗಿ, ‘ಎನಿಥಿಂಗ್ ಎಲ್ಸ್, ಸರ್?’ ಎಂದು ಕೇಳಿದ. ‘ನೋ, ಥ್ಯಾಂಕ್ಯೂ’ ಎಂದೆ. ಇನ್ನೊಮ್ಮೆ ಕೇಳಿಯಾನು ಎಂದು ತುಸು ಹೊತ್ತು ಬಾಗಿಲನ್ನೇ ನೋಡಿದೆ. ಆಮೇಲೆ ಬಟ್ಟಲಿನ ಮುಂದೆ ಕೂತು, ಹೆಂಡತಿ ಬಿಗಿಯಾಗಿ ಮುಚ್ಚಿಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯನ್ನು ನೋಡುತ್ತಾ ಊಟ ಮುಗಿಸಿದೆ.