ಸುಮ್ಮನಿದ್ದ ಒಂಬತ್ತು ಕಂಪ್ಯೂಟರುಗಳ ಪ್ರಕರಣ

ನದಿ ನೀರಿನ ಮಟ್ಟ ಮುನ್ಸೂಚನಾ ಕಚೇರಿಯಲ್ಲಿ ಒಟ್ಟು ನಲವತ್ತು ಕಂಪ್ಯೂಟರುಗಳಿದ್ದು, ಅವೆಲ್ಲವೂ ತಂತಿಗಳ ಮೂಲಕ ಒಂದಕ್ಕೊಂದು ಸೇರಿಕೊಂಡು, ಅವಿಭಕ್ತ ಕುಟುಂಬದಂತೆ ಒಟ್ಟಿಗೆ ಲೆಕ್ಕ ಮಾಡುತ್ತಿದ್ದವು ಎಂಬುದು ನಿರ್ವಿವಾದ ಸಂಗತಿ. ನಾಳೆ ನದಿ ಎಷ್ಟು ಅಡಿ ಏರುತ್ತದೆ ಎಂದು ಇವತ್ತೇ ಹೇಳುವುದು ಅವುಗಳ ಕೆಲಸ. ಅವು ಕೆಲಸ ಮಾಡುತ್ತಿವೆಯೇ ಎಂದು ನೋಡುವುದು ಆಪರೇಟರಮ್ಮನ ಕೆಲಸ.

ಹದಿನಾಲ್ಕು ವರ್ಷಗಳಿಂದ ಆಪರೇಟರಮ್ಮ ಬೆಳಿಗ್ಗೆ ಹತ್ತಕ್ಕೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಆ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕಪ್ಪು ಸ್ಕ್ರೀನಿನ ಮುಂದೆ ಕೂರುತ್ತಿದ್ದರು. ಒಂದು ಸಾಲಿನ ಕಮ್ಯಾಂಡ್ ಟೈಪ್ ಮಾಡಿ ಎಂಟರ್ ಒತ್ತಿದರೆ ಪಟಪಟನೆ ನಲವತ್ತು ಸಾಲು ಬರುತ್ತಿತ್ತು. ಪ್ರತಿ ಸಾಲಿನಲ್ಲೂ ಒಂದು ಕಂಪ್ಯೂಟರಿನ ನಂಬರು, ಪಕ್ಕದಲ್ಲಿ ಅದರ ಸ್ಥಿತಿ: ‘ಕೆಲಸದಲ್ಲಿದೆ’, ‘ಕೆಟ್ಟಿದೆ’, ಇಲ್ಲವೇ ‘ಸುಮ್ಮನಿದೆ’. ಕೆಟ್ಟಿದ್ದರೆ ರಿಪೇರಿಯವನಿಗೆ ಫೋನು. ಕೆಟ್ಟಿಲ್ಲದಿದ್ದರೆ ಟೀ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಒಂದು ಮಂಗಳವಾರ ತಪಾಸಣಾಧಿಕಾರಿಗಳು ಬಂದರು. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಓದಲು ಗೊತ್ತಿತ್ತು. ಕಷ್ಟ ಶುರುವಾದದ್ದು ಅಲ್ಲಿಂದ. ಸ್ಕ್ರೀನಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಬಂದವರು ಏಳನೆಯ ಸಾಲಿನಲ್ಲಿ ಗಕ್ಕನೆ ನಿಂತರು.

“ಏಳನೇದು ಸುಮ್ಮನಿದೆ ಅಂತ ಬರ್ತಿದೆಯಲ್ಲ, ಏನಮ್ಮಾ ಇದು?”

“ಹೌದು ಸಾರ್, ಸುಮ್ಮನಿದೆ.”

“ಕಚೇರಿ ವೇಳೆಯಲ್ಲಿ?”

ಅಂಥವು ಒಟ್ಟು ಒಂಬತ್ತು ಸಿಕ್ಕವು. ಪಕ್ಕದ ಕೋಣೆಯಿಂದ ನೀರು ಮೇಷ್ಟ್ರನ್ನು ಕರೆಸಲಾಯಿತು. ಇವರು ಕಚೇರಿಯ ವಿಜ್ಞಾನಿ; ಬಾಯಿಬಿಟ್ಟರೆ ನೀರಿನ ವಿಷಯ ಬಿಟ್ಟು ಬೇರೆ ಆಡದ ಕಾರಣ ಆ ಹೆಸರು ಅಂಟಿಕೊಂಡಿತ್ತು. “ನದಿ ಹೇಳಿ ಕೇಳಿ ಏರೋದಿಲ್ಲ ಸಾರ್,” ಎಂದರು ಮೇಷ್ಟ್ರು. “ಇದ್ದಕ್ಕಿದ್ದ ಹಾಗೆ ಲೆಕ್ಕ ಮಾಡಬೇಕಾದಾಗ ಕೈಗೆ ಸಿಗಲಿ ಅಂತ ಒಂಬತ್ತನ್ನ ಬಿಡುವಾಗಿ ಇಟ್ಟಿದ್ದೀವಿ. ಬಕೆಟ್ ಖಾಲಿ ಇದ್ರೆ ತಾನೇ ನೀರು ಹಿಡಿಯೋಕಾಗೋದು?”

“ಖಾಲಿ ಬಕೆಟ್ಟುಗಳೂ ಇವೆಯೇ? ಅವನ್ನೂ ತೋರಿಸಿ,” ಎಂದರು ತಪಾಸಣಾಧಿಕಾರಿಗಳು.

ಮೂರನೆಯ ದಿನ ಸುತ್ತೋಲೆ ಬಂತು. ‘ಸುಮ್ಮನಿರುವುದು ನೌಕರರಿಗೆ ಮೀಸಲಾದ ಸೌಲಭ್ಯವಾಗಿದ್ದು, ಯಂತ್ರಗಳಿಗೆ ಅದನ್ನು ವಿಸ್ತರಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಸದರಿ ಒಂಬತ್ತು ಯಂತ್ರಗಳಿಗೆ ಕಾರಣ ಕೇಳಿ ನೋಟಿಸು ಜಾರಿ ಮಾಡತಕ್ಕದ್ದು. ಏಳು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಹೇಳಿಕೊಳ್ಳಲು ಏನೂ ಇಲ್ಲವೆಂದು ಭಾವಿಸಲಾಗುವುದು.’

ಆಪರೇಟರಮ್ಮ ಒಂಬತ್ತು ನೋಟಿಸುಗಳನ್ನು ಒಂಬತ್ತು ಯಂತ್ರಗಳ ನೆತ್ತಿಗೆ ಅಂಟಿಸಿದರು. ಏಳನೆಯ ದಿನವೂ ಉತ್ತರ ಬರಲಿಲ್ಲ. ಹದಿನಾಲ್ಕು ವರ್ಷ ಜೊತೆಗಿದ್ದವು, ಪಾಪ, ಬಾಯಿಲ್ಲದ ಜೀವಗಳು ಅನ್ನಿಸಿ, ಕೊನೆಗೆ ಅವರೇ ಕೂತು ಒಂಬತ್ತು ಉತ್ತರ ಬರೆದರು: ‘ಕೆಲಸ ಕೊಟ್ಟಿರಲಿಲ್ಲವಾದ್ದರಿಂದ ಸುಮ್ಮನಿದ್ದೆ. ಕೊಟ್ಟರೆ ಮಾಡುತ್ತೇನೆ.’ ಕಚೇರಿಯ ಅಧೀಕ್ಷಕರು ಅದನ್ನು ಎರಡು ಸಲ ಓದಿ, ಇಷ್ಟು ನೇರವಾದ ಉತ್ತರವನ್ನು ತಮ್ಮ ಸೇವಾವಧಿಯಲ್ಲಿ ಯಾವ ನೌಕರನಿಂದಲೂ ಪಡೆದಿಲ್ಲವೆಂದು ಕಡತದಲ್ಲಿ ಷರಾ ಬರೆದರು.

ಉತ್ತರವನ್ನು ಒಪ್ಪಿ ಯಂತ್ರಗಳಿಗೆ ಕೆಲಸ ಕೊಡಲಾಯಿತು. ಒಂದರಿಂದ ಲಕ್ಷ ಕೋಟಿಯವರೆಗೆ ಎಣಿಸುವುದು. ಪ್ರತಿ ಸಂಖ್ಯೆಯನ್ನೂ ಅಕ್ಷರದಲ್ಲಿ ಬರೆದು, ತಪ್ಪಿಲ್ಲವೆಂದು ಓದಿ ನೋಡಿ, ನಂತರವೇ ಮುಂದಿನ ಸಂಖ್ಯೆಗೆ ಹೋಗುವುದು. ಮುಗಿದರೆ ವಾಪಸ್ಸು ಎಣಿಸುತ್ತಾ ಬರುವುದು. ಇದರ ಮೇಲೆ ನಿಗಾ ಇಡಲು ಆಪರೇಟರಮ್ಮನ ಕಮ್ಯಾಂಡನ್ನು ದಿನಕ್ಕೊಮ್ಮೆಯ ಬದಲು ನಿಮಿಷಕ್ಕೊಮ್ಮೆ ಓಡಿಸಿ, ಕಾಗದಕ್ಕೆ ಇಳಿಸಿ, ಮೂವರ ಸಹಿ ಹಾಕಿಸುವ ವ್ಯವಸ್ಥೆಯಾಯಿತು. ಎಲ್ಲ ಹಾಳೆಗಳಲ್ಲೂ ನಲವತ್ತಕ್ಕೆ ನಲವತ್ತು ‘ಕೆಲಸದಲ್ಲಿದೆ’. ತಪಾಸಣಾಧಿಕಾರಿಗಳು ಪ್ರಶಂಸಾ ಪತ್ರ ಕಳಿಸಿದರು. ಅಧೀಕ್ಷಕರು ಅದಕ್ಕೆ ಗಾಜಿನ ಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ಕುರ್ಚಿಯ ಮೇಲ್ಗಡೆ ಗೋಡೆಗೆ ತೂಗುಹಾಕಿದರು.

ಇಷ್ಟರಲ್ಲಿ ಮೇಲಿನ ಬೆಟ್ಟಗಳಲ್ಲಿ ಮೂರು ದಿನ ಬಿಡದೆ ಮಳೆಯಾಯಿತು.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ನೀರು ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು. “ಆಪರೇಟರಮ್ಮಾ, ನನ್ನ ಲೆಕ್ಕ ಇನ್ನೂ ಸರದಿ ಸಾಲಲ್ಲೇ ನಿಂತಿದೆ ಅಂತ ತೋರಿಸ್ತಿದೆಯಲ್ರೀ!”

“ಆ ಒಂಬತ್ತರಲ್ಲೂ ನಿಮ್ಮ ಮುಂದೆ ಎಣಿಕೆ ಇದೆ ಮೇಷ್ಟ್ರೇ.”

“ಅದು ಯಾವಾಗ ಮುಗಿಯುತ್ತೆ?”

“ಈಗಿನ ಲೆಕ್ಕದಲ್ಲಿ ನನ್ನ ರಿಟೈರ್‌ಮೆಂಟ್ ಆದ್ಮೇಲೆ. ವಾಪಸ್ಸು ಎಣಿಸೋದು ಬೇರೆ.”

ಇಬ್ಬರೂ ಅಧೀಕ್ಷಕರ ಬಳಿ ಹೋದರು. ಅವರು ಸಮಾಧಾನದಿಂದ ಕೇಳಿಸಿಕೊಂಡರು. ಎಣಿಕೆ ನಿಲ್ಲಿಸಿ ಮೇಷ್ಟ್ರ ಲೆಕ್ಕ ಹಚ್ಚುವ ನಡುವೆ ಯಂತ್ರಗಳು ಕ್ಷಣಮಾತ್ರವಾದರೂ ಸುಮ್ಮನಿರುತ್ತವೆಯೇ ಎಂದು ವಿಚಾರಿಸಿದರು. ಇರುತ್ತವೆ ಎಂದು ಆಪರೇಟರಮ್ಮ ನಿಜ ಹೇಳಿದರು. “ಹಾಗಾದ್ರೆ ಸುಮ್ಮನಿರೋಕೆ ಅನುಮತಿ ಬೇಕಾಗುತ್ತೆ. ಅರ್ಜಿ ಕೊಡಿ. ಸಮಿತಿ ಮುಂದಿನ ಗುರುವಾರ ಕೂರುತ್ತೆ.”

“ನದಿ ಇವತ್ತೇ ಬರುತ್ತೆ ಸಾರ್,” ಎಂದರು ಮೇಷ್ಟ್ರು.

“ನದಿಗೇನ್ರೀ, ಅದಕ್ಕೆ ಮೇಲಧಿಕಾರಿಗಳಿಲ್ಲ.”

ಆಪರೇಟರಮ್ಮ ತಮ್ಮ ಕೋಣೆಗೆ ವಾಪಸ್ಸು ಬಂದು ಕೂತರು. ನದಿಯ ದಂಡೆಯ ಮೇಲೆ, ಕಟ್ಟಕಡೆಯ ಬೀದಿಯಲ್ಲಿ ಅವರ ಅಕ್ಕ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದರು. ಭಾವನಿಗೆ ಮಂಡಿ ನೋವು. ಮೆಟ್ಟಿಲು ಹತ್ತುವುದಕ್ಕೇ ಅರ್ಧ ಗಂಟೆ ಬೇಕು. ಫೋನು ಮಾಡಿದರೆ ಅಕ್ಕ, “ನೀರು ಸ್ವಲ್ಪ ಕೆಂಪಾಗಿದೆ ಕಣೇ, ಅಷ್ಟೇ. ನಿಮ್ಮ ಕಚೇರಿಯವರೇನೂ ಹೇಳಿಲ್ಲವಲ್ಲ?” ಅಂದರು.

ಆಪರೇಟರಮ್ಮ ಫೋನಿಟ್ಟು ಸ್ಕ್ರೀನಿನ ಕಡೆ ತಿರುಗಿದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಯಾರ ಅನುಮತಿಯೂ ಇಲ್ಲದ ಒಂದು ಕಮ್ಯಾಂಡ್ ಟೈಪ್ ಮಾಡಿದರು. ಒಂಬತ್ತು ಯಂತ್ರಗಳ ಎಣಿಕೆ ನಿಂತಿತು. ಮೇಷ್ಟ್ರ ಲೆಕ್ಕ ಹತ್ತಿಕೊಂಡಿತು. ನಡುವೆ ಹನ್ನೊಂದು ಸೆಕೆಂಡು ಹಿಡಿಯಿತು.

ಮಧ್ಯಾಹ್ನ ಎರಡಕ್ಕೆ ಉತ್ತರ ಸಿಕ್ಕಿತು: ಸಂಜೆ ಆರಕ್ಕೆ ಕೊನೆಯ ಬೀದಿಯಲ್ಲಿ ಎದೆಮಟ್ಟ ನೀರು. ಮೇಷ್ಟ್ರು ಬರಿಗಾಲಲ್ಲೇ ಬೀದಿಗೆ ಓಡಿ ಬಾಗಿಲು ಬಾಗಿಲು ಬಡಿದರು. ಐದರ ಹೊತ್ತಿಗೆ ಇನ್ನೂರು ಮನೆ ಖಾಲಿಯಾದವು. ಭಾವನನ್ನು ಇಸ್ತ್ರಿ ಮೇಜಿನ ಮೇಲೆ ಕೂರಿಸಿ ನಾಲ್ಕು ಜನ ಹೊತ್ತರು. ಆರಕ್ಕೆ ಐದು ನಿಮಿಷ ಇರುವಾಗ ನದಿ ಬಂತು. ಒಂದು ಬೀರು, ಎರಡು ಸೈಕಲ್ಲು ಮತ್ತು ಗಿರಾಕಿಯೊಬ್ಬರ ಹದಿನೆಂಟು ಅಂಗಿಗಳ ಹೊರತು ಬೇರೇನೂ ಹೋಗಲಿಲ್ಲ.

ಮಾರನೆಯ ದಿನ ವಿಚಾರಣೆ ಪ್ರಾರಂಭವಾಯಿತು. ಹನ್ನೊಂದು ಗಂಟೆ ನಲವತ್ತೆರಡು ನಿಮಿಷದ ಹಾಳೆಯಲ್ಲಿ ಒಂಬತ್ತು ಸಾಲುಗಳು ‘ಸುಮ್ಮನಿದೆ’ ಎಂದು ತೋರಿಸುತ್ತಿದ್ದವು. ಮೂವರೂ ಅದಕ್ಕೆ ಸಹಿ ಹಾಕಿದ್ದರು.

“ನೀವು ನಿಲ್ಲಿಸಿದಾಗ ಎಣಿಕೆ ಎಲ್ಲಿಗೆ ಬಂದಿತ್ತು?” ಎಂದು ತಪಾಸಣಾಧಿಕಾರಿಗಳು ಕೇಳಿದರು.

“ಅರವತ್ತಮೂರು ಕೋಟಿ ಚಿಲ್ಲರೆ, ಸಾರ್.”

“ಚಿಲ್ಲರೆ ಎಂದರೆ ಎಷ್ಟು?”

“ಗೊತ್ತಿಲ್ಲ ಸಾರ್. ಇನ್ನೂರು ಮನೆಯವರು ಉಳಿದರಲ್ಲ ಸಾರ್...”

“ಚಿಲ್ಲರೆ ಗೊತ್ತಿಲ್ಲ ಎಂದು ದಾಖಲಿಸಿಕೊಳ್ಳಿ.”

ಹದಿನೇಳು ಪುಟಗಳ ತೀರ್ಪು ಹೊರಬಿತ್ತು. ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಯಾವುದೇ ಪ್ರಾಣಹಾನಿ ಆಗಿರುವುದಿಲ್ಲ. ಪ್ರಾಣಹಾನಿ ಆಗದಿರುವುದರಿಂದ ಅಪಾಯವಿತ್ತು ಎನ್ನಲು ಪುರಾವೆ ಇರುವುದಿಲ್ಲ. ಅಪಾಯವೇ ಇಲ್ಲದಿದ್ದಾಗ ಎಣಿಕೆ ನಿಲ್ಲಿಸಿದ್ದು ಅಕ್ಷಮ್ಯ. ಒಂಬತ್ತು ಯಂತ್ರಗಳು ಸ್ವಇಚ್ಛೆಯಿಂದ ಸುಮ್ಮನಿರಲಿಲ್ಲವಾದ್ದರಿಂದ ನಿರ್ದೋಷಿಗಳು. ಆಪರೇಟರಮ್ಮನಿಗೆ ಕೊನೆಯ ಎಚ್ಚರಿಕೆ. ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸತಕ್ಕದ್ದು. ನದಿಯ ವಿಷಯಕ್ಕೆ ನೀರು ಮೇಷ್ಟ್ರು ಅಳತೆ ಕೋಲು ಹಿಡಿದು ಸೇತುವೆಯ ಮೇಲೆ ನಿಂತು, ನೀರು ಈಗ ಎಷ್ಟಿದೆಯೆಂದು ನೋಡಿ ಹೇಳತಕ್ಕದ್ದು. ಇದನ್ನು ‘ತತ್‌ಕ್ಷಣದ ಮುನ್ಸೂಚನೆ’ ಎಂದು ಕರೆಯತಕ್ಕದ್ದು.

ಮೇಷ್ಟ್ರು ಮೊದಮೊದಲು ಕೂಗಾಡಿದರು. ಆಮೇಲೆ ಸೇತುವೆಯ ಮೇಲೆ ಗಾಳಿ ಚೆನ್ನಾಗಿದೆ ಎಂದರು. ಅವರಿಗೆ ಒಂದು ಛತ್ರಿ ಮಂಜೂರಾಯಿತು.

ಆಪರೇಟರಮ್ಮ ಒಂದು ವಾರ ಅಧೀಕ್ಷಕರ ಕೋಣೆಯ ಕಡೆ ತಲೆ ಹಾಕಲಿಲ್ಲ. ಎರಡನೆಯ ವಾರ ಪ್ರಶಂಸಾ ಪತ್ರದ ಗಾಜು ಒರೆಸಿದರು. ಮೂರನೆಯ ವಾರ, ಹದಿನೆಂಟನೆಯ ಯಂತ್ರದ ಸಾಲು ಬರುವುದು ಅರೆ ಕ್ಷಣ ತಡವಾದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ‘ಕೆಲಸದಲ್ಲಿದೆ’ ಎಂದು ಬಂದ ಮೇಲೆ ಹೋದ ಜೀವ ಬಂದಂತಾಯಿತು. ಹೆತ್ತ ಮಗ ಪಾಸಾದಾಗಲೂ ಅವರಿಗೆ ಅಷ್ಟು ಹಿಗ್ಗು ಆಗಿರಲಿಲ್ಲ.

ದಂಡೆಯ ಬೀದಿಯವರು ಗೋಡೆಯ ಕೆಸರು ತೊಳೆದು, ಸುಣ್ಣ ಬಳಿದು, ವಾಪಸ್ಸು ಬಂದು ನೆಲೆಸಿದರು. ಮೇಲಿನ ಬೆಟ್ಟಗಳಲ್ಲಿ ಮತ್ತೆ ಮೋಡ ಕಟ್ಟಿತು. ಒಂದು ದಿನ ಬೆಳಿಗ್ಗೆ ಅಕ್ಕ ಫೋನು ಮಾಡಿದರು.

“ಏನಂತಾರೆ ನಿಮ್ಮ ಕಚೇರಿಯಲ್ಲಿ? ನೀರು ಬರುತ್ತಂತಾ?”

ಆಪರೇಟರಮ್ಮ ಕಮ್ಯಾಂಡ್ ಟೈಪ್ ಮಾಡಿ, ಎಂಟರ್ ಒತ್ತಿ, ಸಾಲುಗಳನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು.

“ನಲವತ್ತಕ್ಕೆ ನಲವತ್ತೂ ಕೆಲಸ ಮಾಡ್ತಿವೆ ಅಕ್ಕಾ.”

“ಅಬ್ಬಾ, ಸದ್ಯ!” ಎಂದು ಅಕ್ಕ ಫೋನಿಟ್ಟು, ಒಗೆದ ಬಟ್ಟೆಗಳನ್ನೆಲ್ಲ ಹೊತ್ತುಕೊಂಡು ಹೋಗಿ ನದಿಯ ದಂಡೆಯ ಮೇಲೆ ಒಣಹಾಕಿದರು.